ಅಂಚಿನ ಪೆನ್ಸಿಲ್ ಸಾಲು

"ಪೆನ್ಸಿಲಲ್ಲಿ ಗೀಚಿದ್ದನ್ನೆಲ್ಲ ಬಿಟ್ಟುಬಿಡೋಣ ಅನ್ನೋರು ಕೈ ಎತ್ತಿ" ಎಂದ ವೆಂಡೆಲ್. ಹಳೆಯ ಪುಸ್ತಕಗಳ ಪುಟಗಳ ಚಿತ್ರ ತೆಗೆದು, ಅದರ ಜೊತೆ ಅಕ್ಷರಗಳನ್ನೂ ಟೈಪ್ ಮಾಡಿ ಕಂಪ್ಯೂಟರಿಗೆ ಏರಿಸುವಾಗ ಎಲ್ಲ ಗ್ರಂಥಾಲಯಗಳೂ ಪಾಲಿಸಬೇಕಾದ ನಿಯಮಗಳನ್ನು ಬರೆಯಲು ಅಮೆರಿಕದ ಇಂಡಿಯಾನಾದಲ್ಲಿ ಸೇರಿದ್ದ ಸಭೆ ಅದು. ಮೇಜಿನ ಸುತ್ತ ಕೈಗಳು ಎದ್ದವು. ಲೋರ್ನಾಳ ಕೈ ಮಾತ್ರ ಮುಂದಿದ್ದ ಅಡುಗೆ ಪುಸ್ತಕದ ಮೇಲೇ ಇತ್ತು. ಚರ್ಚಿನ ಹೆಂಗಸರು ಎಂದೋ ಅಚ್ಚು ಹಾಕಿಸಿದ್ದ ಪುಸ್ತಕ. ಪೀಚ್ ಹಣ್ಣು ತುಂಬಿ ಬೇಯಿಸುವ ‘ಪೈ’ ಎಂಬ ಸಿಹಿ ತಿನಿಸು ಮಾಡುವ ವಿಧಾನದ ಪಕ್ಕ ಯಾರೋ ಒಬ್ಬಳು ಪೆನ್ಸಿಲಿನಲ್ಲಿ ಬರೆದಿದ್ದಳು: ‘ಇವತ್ತೂ ಮಾಡಿದೆ. ಇವತ್ತೂ ಒಬ್ಬಳೇ ತಿಂದೆ.’

"ಪುಟದ ಚಿತ್ರದಲ್ಲಿ ಅದು ಇದ್ದೇ ಇರುತ್ತಲ್ಲ, ಲೋರ್ನಾ" ಎಂದಳು ಗ್ರೆಟಾ.

"ಕಂಪ್ಯೂಟರಲ್ಲಿ ಪದ ಕೊಟ್ಟು ಹುಡುಕಿದ್ರೆ ಪೈ ಸಿಗುತ್ತೆ ಕಣೆ. ಇವಳು ಸಿಗಲ್ಲ."

"ಹೀಗೆ ಒಬ್ಬೊಬ್ಬರ ಅಳುನೂ ಟೈಪ್ ಮಾಡ್ತಾ ಕೂತ್ರೆ ನಾವು ರಿಟೈರ್ ಆದ್ರೂ ಮೊದಲ್ನೇ ಕಪಾಟು ಮುಗಿಯಲ್ಲ, ತಾಯಿ!" ಎಂದ ವೆಂಡೆಲ್. ಎಲ್ಲರೂ ನಕ್ಕರು. ಅವನು ಹೇಳಿದ್ದು ಸುಳ್ಳಲ್ಲ ಎಂದು ಲೋರ್ನಾಳಿಗೂ ಗೊತ್ತಿತ್ತು. ನಿಧಾನವಾಗಿ ಅವಳೂ ಕೈ ಎತ್ತಿದಳು.

"ನಿಯಮ ನೀನೇ ಬರಿ, ನಿನ್ನ ವಾಕ್ಯ ಚೆನ್ನಾಗಿರುತ್ತೆ" ಎನ್ನುತ್ತ ವೆಂಡೆಲ್ ಲ್ಯಾಪ್‌ಟಾಪನ್ನು ಅವಳತ್ತ ಸರಿಸಿದ. "ಎಲ್ಲ ಗ್ರಂಥಾಲಯದಲ್ಲೂ ಇದನ್ನ ಓದೋರಿಗೆ ಅರ್ಥ ಆಗ್ಬೇಕಲ್ಲ, ಉದಾಹರಣೆಗೆ ಆ ಪೈ ಹೆಂಗಸು ಬರೆದಿದ್ದನ್ನೇ ಹಾಕ್ಬಿಡು." ಅವನ ದನಿಯಲ್ಲಿ ಕುಹಕವೇನೂ ಇರಲಿಲ್ಲ. ಲೋರ್ನಾ ‘ಕೈಬಿಡಬೇಕಾದವು’ ಎಂದು ಬರೆದಳು. ಅದರ ಕೆಳಗೆ, ಎಲ್ಲೂ ತಪ್ಪದಂತೆ ಒಂದೊಂದೇ ಅಕ್ಷರ ನೋಡಿಕೊಂಡು, ಆ ಹೆಂಗಸಿನ ಎರಡೂ ವಾಕ್ಯಗಳನ್ನು ಟೈಪ್ ಮಾಡಿದಳು.