ತೊಟ್ಟಿಲಿಗೆ ಹಾಕುವವರೆಗೆ ಹೇಳಬಾರದ ಮಾತು

ಬೆಳಿಗ್ಗೆ ಹನ್ನೊಂದೂಕಾಲು. ಶಿವಲೀಲಾ ಟೀಚರ್ ಫೋನಿಗೆ ಲ್ಯಾಬ್ ರಿಪೋರ್ಟ್ ಬಂತು... ಹೈ ರಿಸ್ಕ್.

ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಅವಳು ಗಣಿತ ಕಲಿಸುತ್ತಾಳೆ. ವಯಸ್ಸು ಮೂವತ್ತಾರು. ಮದುವೆಯಾಗಿ ಒಂಬತ್ತು ವರ್ಷಕ್ಕೆ ನಿಂತ ಮೊದಲ ಗರ್ಭ.

"ಟೀಚರ್, ಲೆಕ್ಕ ಇನ್ನೂ ಅರ್ಧಾ ಉಳದೈತ್ರಿ" ಎಂದಳು ಮುಂದಿನ ಬೆಂಚಿನ ಹುಡುಗಿ.

ಶಿವಲೀಲಾ ಚಾಕ್‌ಪೀಸ್ ಮೇಜಿನ ಮೇಲಿಟ್ಟು ಹೊರಗೆ ನಡೆದಳು...

ಹಿಂದಿನ ವಾರ ಆಸ್ಪತ್ರೆಯಲ್ಲಿ ಅವಳ ತೋಳಿನಿಂದ ಸ್ವಲ್ಪ ರಕ್ತ ತೆಗೆದಿದ್ದರು. ಮಗುವಿನ ಕ್ರೋಮೋಸೋಮ್ ದೋಷದ ಸುಳಿವನ್ನು ತಾಯಿಯ ರಕ್ತದಲ್ಲೇ ಹುಡುಕುವ ಪರೀಕ್ಷೆ. ಹೊಟ್ಟೆಗೆ ಸೂಜಿ ಚುಚ್ಚುವುದಿಲ್ಲ.

ಹದಿನೆಂಟನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುವ ಸಾಧ್ಯತೆ ಹೆಚ್ಚು... ರಿಪೋರ್ಟ್ ಹೇಳಿದ್ದು ಇಷ್ಟು.

ಸ್ಟಾಫ್ ರೂಮಿನಲ್ಲಿ ಕೂತು ಗೂಗಲ್ ಮಾಡಿದಳು. ಇಂಥ ಮಕ್ಕಳಲ್ಲಿ ಹೆಚ್ಚಿನವು ಮೊದಲ ಹುಟ್ಟುಹಬ್ಬ ಕಾಣುವುದಿಲ್ಲ ಎಂದಿತ್ತು. ಫೋನ್ ಬೋರಲು ಹಾಕಿದಳು.

ಮಧ್ಯಾಹ್ನ ಮೂವರೂ ಆಸ್ಪತ್ರೆಗೆ ಆಟೋ ಹತ್ತಿದರು... ಶಿವಲೀಲಾ, ಸ್ಪೇರ್ ಪಾರ್ಟ್ಸ್ ಅಂಗಡಿ ಮುಚ್ಚಿ ಬಂದ ಗಂಡ ಮಹಾಂತೇಶ, ಅತ್ತೆ ಪಾರವ್ವ.

"ತಮ್ಮಾ, ಒಂದೊಂದ ಗುಂಡಿ ಹುಡುಕಿ ಹುಡುಕಿ ಇಳಸಾಕತ್ತೀಯಲ್ಲ, ಬಸುರಿ ಅದಾಳ" ಎಂದು ಪಾರವ್ವ ಡ್ರೈವರನ್ನು ಗದರಿದರು.

ಡಾಕ್ಟರ್ ರಿಪೋರ್ಟ್ ಓದಿದರು. "ಇದು ಸ್ಕ್ರೀನಿಂಗ್ ಅಷ್ಟೇ. ಸಂಶಯ ಇದೆ ಅಂತ ಹೇಳುತ್ತೆ, ಇದೇ ಖಚಿತ ಅಂತಲ್ಲ."

ಮಹಾಂತೇಶನಿಗೆ ಕೇಳಿಸಿದ್ದು ಸಂಶಯ ಎಂಬ ಶಬ್ದ ಮಾತ್ರ.

"ಮೇಡಂ, ತಗಿಸೋದಿದ್ರ ಲಗೂನ ತಗಿಸಬೇಕಂತಾರ. ಮುಂದಿನ ವಾರ ಆಗ್ತೈತೇನ್ರಿ?"

ಶಿವಲೀಲಾ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡಳು.

ಡಾಕ್ಟರ್ ಸ್ಕ್ಯಾನ್ ಚಿತ್ರಗಳನ್ನು ಮತ್ತೊಮ್ಮೆ ನೋಡಿದರು. ಅನುಮಾನ ಪಡುವಂಥದ್ದು ಅಲ್ಲಿ ಏನೂ ಇರಲಿಲ್ಲ.

"ರಕ್ತ ಕೊಡುವಾಗ ನರ್ಸ್ ಕೇಳಿದ್ದನ್ನೇ ಕೇಳ್ತೀನಿ. ಶುರುವಿನಲ್ಲಿ ಅವಳಿ ಅಂತ ಯಾರಾದರೂ ಹೇಳಿದ್ರಾ?"

ಶಿವಲೀಲಾ ಅತ್ತೆಯ ಕಡೆ ನೋಡಿದಳು. ಅಂದೂ ಹೀಗೇ ನೋಡಿದ್ದಳು.

"ಇಲ್ರಿ" ಎಂದಳು.

ಪಾರವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಆಮೇಲೆ ಅದನ್ನು ತೆಗೆದರು.

"ಎರಡಿದ್ದೂವ್ರಿ, ಡಾಕ್ಟರವ್ವ."

ಮಹಾಂತೇಶ ತಾಯಿಯ ಕಡೆ ತಿರುಗಿದ.

ಶಿವಲೀಲಾಳ ತವರು ಗದಗ. ಅಲ್ಲಿ ಮಾಡಿಸಿದ ಮೊದಲ ಸ್ಕ್ಯಾನಿನಲ್ಲಿ ಎರಡು ಹೃದಯ ಬಡಿಯುತ್ತಿದ್ದವು. ಕೆಲವು ವಾರ ಬಿಟ್ಟು ಅಲ್ಲೇ ನೋಡಿದಾಗ ಒಂದು ನಿಂತಿತ್ತು. ಎರಡೂ ಸಲ ಹುಬ್ಬಳ್ಳಿಯಿಂದ ಜೊತೆಗೆ ಹೋದವರು ಅತ್ತೆ ಒಬ್ಬರೇ.

"ನಮ್ಮ ಮನ್ಯಾಗ ಒಂದು ಪದ್ಧತಿ ಐತ್ರಿ. ಉಳದ ಕೂಸನ್ನ ತೊಟ್ಟಲಕ್ಕ ಹಾಕೂತನಾ ಹೋದದ್ದರ ಮಾತು ಎತ್ತಬಾರದು. ಎತ್ತಿದ್ರ ಅದು ಇದನ್ನೂ ಕರಕೊಂಡು ಹೋಗ್ತೈತಿ. ನಾನ ಇಕಿ ಬಾಯಿ ಕಟ್ಟೇನಿ. ಗಂಡಗೂ ಹೇಳಬ್ಯಾಡ ಅಂದೇನಿ..."

ಪಾರವ್ವನ ದನಿ ಕುಗ್ಗಿತು. "ಈಗ ಹೇಳಿಬಿಟ್ಟೆ. ಇದಕ್ಕೇನರ ಆದ್ರ ನನ್ನ ಬಾಯಿಂದನ ಆತು."

ಡಾಕ್ಟರ್ ನಗಲಿಲ್ಲ. ಕುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡರು.

"ಅಮ್ಮ, ಈ ಪರೀಕ್ಷೆ ಹುಡುಕೋದು ರಕ್ತದಲ್ಲಿ ತೇಲುವ ಡಿಎನ್‌ಎ ಚೂರುಗಳನ್ನ. ಅವು ಬರೋದು ಮಗುವಿನ ಮಾಸಿನಿಂದ, ಅಂದ್ರೆ ಪ್ಲಾಸೆಂಟಾದಿಂದ. ಹೃದಯ ನಿಂತ ಮಗುವಿನ ಮಾಸೂ ಹಲವು ವಾರ ಚೂರು ಬಿಡ್ತಾ ಇರುತ್ತೆ. ಯಾವುದು ಯಾರದು ಅಂತ ಪರೀಕ್ಷೆಗೆ ಗೊತ್ತಾಗಲ್ಲ. ಈ ದೋಷ ಆ ಮಗುವಿನದೇ ಇರಬಹುದು. ಮೊದಲೇ ಗೊತ್ತಿದ್ದರೆ ಈ ಟೆಸ್ಟನ್ನೇ ನಾನು ಹೇಳ್ತಿರಲಿಲ್ಲ."

"ಇರಬಹುದು ಅಂತೀರಲ್ರಿ?" ಎಂದಳು ಗಣಿತದ ಟೀಚರ್.

"ಅಷ್ಟೇ ಹೇಳಬಲ್ಲೆ. ಹದಿನಾರು ವಾರ ತುಂಬಲಿ. ಹೊಟ್ಟೆಯಲ್ಲಿ ಮಗುವಿನ ಸುತ್ತ ಇರುವ ನೀರು ತೆಗೆದು ಪರೀಕ್ಷೆ ಮಾಡೋಣ. ಅದರಲ್ಲಿ ಈ ಮಗುವಿನದೇ ಜೀವಕೋಶ ಸಿಗುತ್ತೆ. ಅಲ್ಲಿವರೆಗೆ ಯಾವ ತೀರ್ಮಾನವೂ ಬೇಡ."

ಕಾರಿಡಾರಿನ ಬೆಂಚಿನ ಮೇಲೆ ಮಹಾಂತೇಶ ಹೆಂಡತಿಯ ಪಕ್ಕ ಕೂತ. "ನನಗರ ಹೇಳಬೇಕಿತ್ತಿಲ್ಲ..."

"ಹೇಳಿದ್ರ ಅಳತಿದ್ರಿ. ಹೋದ ಕೂಸಿಗೆ ಯಾರೂ ಅತ್ತಿಲ್ಲರಿ" ಎಂದಳು ಶಿವಲೀಲಾ.

ಆಗ ಅತ್ತಳು... ಪಾರವ್ವನೂ ಅತ್ತರು. ಹೋದ ಕೂಸಿಗಾಗಿ ಆ ಮನೆಯವರು ಅತ್ತದ್ದು ಅದೇ ಮೊದಲು.

ಹದಿನಾರು ವಾರ ತುಂಬುವವರೆಗಿನ ದಿನಗಳು ಸುಲಭವಾಗಿರಲಿಲ್ಲ. ಫೋನ್ ಸದ್ದಾದರೆ ಶಿವಲೀಲಾ ಬೆಚ್ಚುತ್ತಿದ್ದಳು. ಸೀರೆ ಉಡುವಾಗ ಕನ್ನಡಿ ನೋಡುತ್ತಿರಲಿಲ್ಲ. ಪಾರವ್ವ ದಿನಾ ಬೆಳಿಗ್ಗೆ ಅಡುಗೆಮನೆಯಿಂದಲೇ ಕೇಳುತ್ತಿದ್ದರು, "ಊಟಾ ಸೇರ್ತೈತೇನವ್ವ?" ನಿಜವಾಗಿ ಕೇಳಬೇಕಿದ್ದದ್ದು ಕೂಸಿನ ಬಗ್ಗೆ...

ಹೊಟ್ಟೆಗೆ ಸೂಜಿ ಹಾಕಿದ ದಿನ ಮಹಾಂತೇಶ ಅವಳ ಕೈ ಹಿಡಿದು ನಿಂತಿದ್ದ. ಯಾರ ಕೈ ಹೆಚ್ಚು ತಣ್ಣಗಿತ್ತೋ ಹೇಳುವುದು ಕಷ್ಟ.

ಈ ಸಲ ರಿಪೋರ್ಟ್ ಬಂದಾಗ ಅವಳೇ ತೆರೆದು ಗಟ್ಟಿಯಾಗಿ ಓದಿದಳು. ಮಗುವಿನ ಕ್ರೋಮೋಸೋಮ್‌ಗಳು ಸರಿಯಾಗಿದ್ದವು.

ಎಲ್ಲ ಹೈ ರಿಸ್ಕ್ ರಿಪೋರ್ಟುಗಳೂ ಹೀಗೆ ಸುಳ್ಳಾಗುವುದಿಲ್ಲ. ಲೋ ರಿಸ್ಕ್ ಅಂದರೂ ಪೂರ್ತಿ ಗ್ಯಾರಂಟಿ ಅಲ್ಲ. ಆದರೆ ಡಾಕ್ಟರಿಗೆ ಅರ್ಧ ವಿಷಯ ಹೇಳಿದರೆ ಪೂರ್ತಿ ಉತ್ತರ ಯಾವ ಪರೀಕ್ಷೆಯಿಂದಲೂ ಸಿಗುವುದಿಲ್ಲ.

ಭಯದಿಂದ ಮುಚ್ಚಿಟ್ಟ ಮಾತು ಮಗುವನ್ನು ಕಾಯುವುದಿಲ್ಲ. ಭಯಪಡುತ್ತಲೇ ಆಡಿದ ಮಾತು ಕಾಯಬಹುದು.

ನಿಮ್ಮ ಮನೆಯಲ್ಲಿ "ಅದರ ಮಾತು ಎತ್ತಬೇಡ" ಎಂದು ಯಾವ ತಾಯಿಯ ಬಾಯಿ ಕಟ್ಟಿದ್ದೀರಿ... ಒಮ್ಮೆ ಯೋಚಿಸುತ್ತೀರಾ?

ಶಿವಲೀಲಾಳಿಗೆ ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಪಾರವ್ವ ಎರಡು ದೀಪ ಹಚ್ಚಿದರು, ಎರಡು ಯಾಕೆ ಎಂದು ಕೇಳಿದವರಿಗೆಲ್ಲ ಕಾರಣ ಹೇಳಿದರು.