ಮಗ್ಗುಲ ಮನೆ

ಮನೆಯ ನಾಲ್ಕನೆಯ ಕಾಲಿಗೆ ನೀಲವ್ವ ಹರಳೆಣ್ಣೆ ತಿಕ್ಕುತ್ತಿದ್ದಳು. ಬೆಳಗಾವಿಯ ಸೈನಿಕರ ಮನೆಗಳನ್ನು ಖಾಸಗಿ ಕಂಪನಿಯೊಂದು ವಹಿಸಿಕೊಂಡ ಮೇಲೆ, ವರ್ಗವಾದವನ ಹಿಂದೆ ಮನೆಯೇ ಎದ್ದು ನಡೆಯುತ್ತಿತ್ತು. ಸೈನಿಕ ಮಗ ವರ್ಗವಾಗಿ ಜೋಧಪುರ ಸೇರಿ ಮೂರು ತಿಂಗಳಾದರೂ, ಮನೆ ಹೊರಡಿಸಲು ಕಂಪನಿಗೆ ಅವಳ ಒಪ್ಪಿಗೆ ಪತ್ರ ಹೋಗಿರಲಿಲ್ಲ.

ಪಕ್ಕದ ಮನೆಯ ಇಂದುಬಾಯಿ ಬಂದಳು. ಅವಳ ಗಂಡ ಗಡಿಯಲ್ಲಿ ತೀರಿಕೊಂಡಿದ್ದ. ಅವಳ ಮನೆಗೆ ವರ್ಗವಿಲ್ಲ. ವರ್ಗವಾಗಿ ಹೋಗುವವರು ಯಾರಾದರೂ ತಮ್ಮ ಮಗ್ಗುಲಿಗೆ ಕರೆದರಷ್ಟೇ ಅದು ಹೊರಡಬಹುದಿತ್ತು.

“ಪತ್ರ ಯಾಕ ಕಳಿಸಿಲ್ರೀ ಅಕ್ಕಾ?”

“ಜೋಡಿ ಬರೋ ಮಗ್ಗುಲ ಮನಿ ಯಾವುದಂತ ಅದರಾಗ ಕೇಳ್ಯಾರ. ನಿಂದ ಬರೀಬೇಕಂದ್ರ, ನಿನ್ನ ಗಂಡ ಹಚ್ಚಿದ ಕರಿಬೇವಿನ ಗಿಡ ಇಲ್ಲೇ ಐತಿ. ಕೇಳಾಕ ಬಾಯಿ ಬರಲಿಲ್ಲ.”

“ಹನ್ನೊಂದು ವರ್ಷದಾಗ ಎಷ್ಟು ಮನಿ ಎದ್ದು ಹೋದ್ವು. ಎಲ್ಲಾರೂ ಹಿಂಗ ಅಂದ್ಕೊಂಡು ನನ್ನ ಬಿಟ್ಟು ಹೋದ್ರು. ಗಿಡಕ್ಕ ಕುಂಡ ಸಿಗತೈತಿ, ನನಗ ಮಾತಾಡಾಕ ಮಂದಿ ಬೇಕು.” ಇಂದುಬಾಯಿ ನಕ್ಕಳು. “ನಿಮಗರ ಅಲ್ಲಿ ಯಾರು ಗತಿ? ಹಿಂದಿ ಅಂದ್ರ ಬೆವರತೀರಿ.”

“ನೀ ಇದ್ದರ ಬೆವರಂಗಿಲ್ಲ ಬಿಡು,” ಎಂದು ನೀಲವ್ವ ಒಳಗೆ ಹೋಗಿ ಕೈ ತೊಳೆದು, ಪತ್ರದಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಇಂದುಬಾಯಿಯ ಮನೆ ನಂಬರು ಬರೆದಳು. ಆಮೇಲೆ ಇಬ್ಬರೂ ಓಣಿಯ ತುದಿಗೆ ನಡೆದು ಪತ್ರವನ್ನು ಅಂಚೆ ಡಬ್ಬಿಗೆ ಹಾಕಿದರು.