ಅಗಲ ನೋಡಿ ಕೊಟ್ಟ ಮಾತು

"ನಿನ್ನ ಸರೋವರ ಬಸಿಯಲು ಬಿಡುವುದಿಲ್ಲ" ಎಂದು ಬಸಲಿಂಗವ್ವ ಮಗಳಿಗೆ ಮಾತು ಕೊಟ್ಟು ಹತ್ತು ವರ್ಷವಾಗಿತ್ತು. ಬಯಲಿನ ನೀರೆಲ್ಲ ಉಪ್ಪಾಗಿ ಜನ ಹಿಮಬೆಟ್ಟ ಹತ್ತಿದ ಮೇಲೆ ಬಂದ ಕಾನೂನು ಒಂದೇ: ಅಕ್ಕಪಕ್ಕದ ಎರಡು ಸರೋವರಗಳಲ್ಲಿ ನೀರು ಕಡಿಮೆಯಿದ್ದದ್ದನ್ನು ಇನ್ನೊಂದಕ್ಕೆ ಬಸಿಯಬೇಕು, ಅದರ ದಂಡೆಯವರು ಊರು ಬಿಡಬೇಕು. ಅಳೆಯುವ ಕೆಲಸ ಬಸಲಿಂಗವ್ವನದೇ. ಇವತ್ತು ಮಗಳ ಸರೋವರದ ಸರದಿ.

"ಅವರದು ಬೋಗುಣಿ, ನಮ್ದು ಸಮುದ್ರ! ಅಳಿಯೂದರ ಯಾಕವ್ವಾ?" ಎಂದು ಮಗಳು ಚಂಪಾ ನಕ್ಕಳು.

ಬೋಗುಣಿಯೆಂದ ಆ ಪಕ್ಕದ ಸರೋವರದಲ್ಲಿ ಮೂರು ಹಗ್ಗ ಗಂಟು ಹಾಕಿ ಬಿಟ್ಟರೂ ಕಬ್ಬಿಣದ ಗುಂಡು ತಳ ಮುಟ್ಟಲಿಲ್ಲ. ಮಗಳ ಸಮುದ್ರದ ನಟ್ಟನಡುವೆ ಬಿಟ್ಟ ಗುಂಡು ಮಾತ್ರ ಬಿಟ್ಟೊಡನೆ ಕೆಸರಲ್ಲಿ ಕೂತಿತು. ಬಸಲಿಂಗವ್ವ ಯಾರೂ ಇಳಿಯದ ಆ ಕೊರೆಯುವ ನೀರಿಗೆ ದೋಣಿಯಿಂದ ಇಳಿದೇಬಿಟ್ಟಳು. ನೀರು ಸೊಂಟ ದಾಟಲಿಲ್ಲ.

"ಇನ್ನೊಮ್ಮೆ ಅಳತಿ ಮಾಡವ್ವಾ... ಈ ದಂಡಿ ಮ್ಯಾಲ ತೊಟ್ಲಾ ಕಟ್ಟೀನಿ."

ಬಸಲಿಂಗವ್ವ ಇದ್ದದ್ದನ್ನು ಇದ್ದಂತೆಯೇ ಬರೆದಳು. ಮಾತಿಗೆ ತಪ್ಪಿದಳು.